ಅನುದಾನವೂ ಹಳ್ಳಿಯ ಪ್ರಶ್ನೆಯೂ

ಸಂಶೋಧನೆ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಗ್ರಾಮಸ್ಥರ ಮನಸ್ಸಿನಲ್ಲಿ ಮೂಡುವ ಚಿತ್ರ ಬಹುಮಟ್ಟಿಗೆ ಒಂದೇ: ದೂರದ ಪಟ್ಟಣ, ದೊಡ್ಡ ಕಟ್ಟಡ, ಗಾಜಿನ ನಳಿಕೆಗಳು, ಅರ್ಥವಾಗದ ಭಾಷೆ. ಅದು ಪಂಡಿತರ ವ್ಯವಹಾರ, ತಮಗೂ ಅದಕ್ಕೂ ಸಂಬಂಧವಿಲ್ಲ ಎಂದು ಅವರು ತಿಳಿದಿದ್ದರೆ ತಪ್ಪು ಅವರದಲ್ಲ. ಆದರೆ ಸಂಬಂಧವುಂಟು. ಸವಣೂರು ತಾಲೂಕಿನ ಹತ್ತಿಮತ್ತೂರಿನಂಥ ಊರಿನ ಸರಕಾರಿ ಶಾಲೆಯಲ್ಲಿ ಮಧ್ಯಾಹ್ನದ ಗಂಟೆ ಬಾರಿಸಿ, ಮಕ್ಕಳು ಸಾಲಾಗಿ ಊಟಕ್ಕೆ ಕುಳಿತಾಗ ತಟ್ಟೆಗೆ ಬೀಳುವ ಕೋಳಿಮೊಟ್ಟೆಯೇ ಆ ಸಂಬಂಧಕ್ಕೆ ಸಾಕ್ಷಿ. ಮೊಟ್ಟೆಯನ್ನು ಒಲ್ಲದ ಮಕ್ಕಳಿಗೆ ಕೊಡುವ ಬಾಳೆಯ ಹಣ್ಣಿಗೂ ಈ ಮಾತು ಸಲ್ಲುತ್ತದೆ.

ಆ ಮೊಟ್ಟೆ ತಟ್ಟೆಗೆ ಬಂದ ದಾರಿಯನ್ನು ಕೊಂಚ ಹಿಂದಕ್ಕೆ ಹೋಗಿ ನೋಡೋಣ. ೨೦೨೧ರ ಡಿಸೆಂಬರದಲ್ಲಿ ರಾಜ್ಯ ಸರಕಾರವು ಬೀದರ, ಕಲಬುರಗಿ, ಯಾದಗಿರಿ, ರಾಯಚೂರು ಮೊದಲಾದ ಉತ್ತರದ ಕೆಲವು ಜಿಲ್ಲೆಗಳಲ್ಲಿ ಮಾತ್ರ ಒಂದರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಬಿಸಿಯೂಟದೊಡನೆ ಮೊಟ್ಟೆ ಕೊಡತೊಡಗಿತು. ಕೂಡಲೇ ವಾದವೆದ್ದಿತು. ಕೆಲವು ಮಠಾಧೀಶರು ಆಕ್ಷೇಪಿಸಿದರು. ಪೌಷ್ಟಿಕತೆಯ ಚಿಂತೆಯುಳ್ಳವರು ಬೆಂಬಲಿಸಿದರು. ಮಾತಿನಿಂದ ಇತ್ಯರ್ಥವಾಗದ ಈ ವಿಷಯವನ್ನು ತಕ್ಕಡಿಯಲ್ಲಿಟ್ಟು ತೂಗಿ ನೋಡುವ ಕೆಲಸ ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದ ಪಾಲಿಗೆ ಬಂದಿತು. ಮೊಟ್ಟೆ ದೊರೆತ ಯಾದಗಿರಿಯ ಮಕ್ಕಳನ್ನೂ, ದೊರೆಯದ ಗದಗ ಜಿಲ್ಲೆಯ ಮಕ್ಕಳನ್ನೂ ಅಳೆದು ತೂಗಿ ಹೋಲಿಸಿದಾಗ, ಯಾದಗಿರಿಯ ಮಕ್ಕಳ ತೂಕದ ಏರಿಕೆಯೇ ಹೆಚ್ಚಿನದೆಂದು ಕಂಡುಬಂದಿತು. ಫಲಿತಾಂಶ ಹೊರಬಿದ್ದ ೨೦೨೨ರಲ್ಲಿಯೇ ಮೊಟ್ಟೆ ಎಲ್ಲ ಜಿಲ್ಲೆಗಳಿಗೂ ವಿಸ್ತರಿಸಿತು. ಮರುವರ್ಷ ಹತ್ತನೆಯ ತರಗತಿಯವರೆಗೂ ಏರಿತು.

ಈ ಅಧ್ಯಯನ ಲೋಪರಹಿತವೆಂದು ಯಾರೂ ಹೇಳಲಾರರು. ಎರಡು ಜಿಲ್ಲೆಗಳ ನೆಲ ಬೇರೆ, ಬಡತನದ ಪ್ರಮಾಣ ಬೇರೆ, ಮನೆಯ ಊಟ ಬೇರೆ. ಕೆಲವೇ ತಿಂಗಳುಗಳ ಅಳತೆಯಿಂದ ಎಲ್ಲವನ್ನೂ ನಿರ್ಣಯಿಸಲಾಗದು. ಸರಕಾರದ ತೀರ್ಮಾನಕ್ಕೆ ಅನ್ಯ ಕಾರಣಗಳೂ ಇದ್ದಿರಬಹುದು. ಆದರೂ ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ೨೦೧೬ರ ಕಾಯಿದೆಯಿಂದ ಹುಟ್ಟಿದ, ದೊಡ್ಡ ಹೆಸರಿಲ್ಲದ ವಿಶ್ವವಿದ್ಯಾಲಯವೊಂದು ತನ್ನ ನೆರೆಯ ಮಕ್ಕಳ ಕುರಿತಾದ ಸರಳ ಪ್ರಶ್ನೆಯೊಂದನ್ನು ಎತ್ತಿಕೊಂಡಿತು. ಅದರ ಉತ್ತರ ನಾಡಿನ ಚರ್ಚೆಗೆ ತೂಕ ತಂದಿತು. ಶಿಕ್ಷಣದ ಸಂಶೋಧನೆ ಎಲ್ಲಿ ಮುಗಿಯಿತು, ಆರೋಗ್ಯದ ಸಂಶೋಧನೆ ಎಲ್ಲಿ ಮೊದಲಾಯಿತು ಎಂದು ಬೇರ್ಪಡಿಸುವ ಅಗತ್ಯವೂ ಅಲ್ಲಿ ಬೀಳಲಿಲ್ಲ. ಹಸಿದ ಮಗುವಿಗೆ ಎರಡೂ ಒಂದೇ.

ಗದಗವೂ ಹಾವೇರಿಯೂ ಅಕ್ಕಪಕ್ಕದ ಜಿಲ್ಲೆಗಳು. ೧೯೯೭ರಲ್ಲಿ ಧಾರವಾಡದಿಂದ ಒಡೆದು ಬಂದ ಅವಳಿಗಳು. ಗದಗಿನಲ್ಲಿ ಆದದ್ದು ಹಾವೇರಿಯಲ್ಲಿ ಏಕೆ ಆಗಬಾರದು? ಈ ಪ್ರಶ್ನೆಗೆ ಉತ್ತರ ಹುಡುಕುವ ಮುನ್ನ ಸಂಶೋಧನೆಗೆಂದು ಸರಕಾರ ಕೊಡುವ ಹಣ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದನ್ನು ಅರಿಯಬೇಕು.

ವೈದ್ಯಕ ಸಂಶೋಧನೆಗೆ ಸರಕಾರದ ಸಹಾಯಧನ ನಮ್ಮಲ್ಲಿ ಹೊಸದೇನಲ್ಲ. ೧೯೧೧ರಲ್ಲಿಯೇ ಅದಕ್ಕೆಂದು ಒಂದು ಸಂಸ್ಥೆ ಸ್ಥಾಪಿತವಾಗಿದ್ದಿತು. ೧೯೪೯ರಲ್ಲಿ ಅದೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಎಂಬ ಹೆಸರನ್ನು ತಳೆಯಿತು. ಸಮಾಜ ವಿಜ್ಞಾನಗಳಿಗೆ ೧೯೬೯ರಲ್ಲಿ ಬೇರೊಂದು ಮಂಡಳಿ ಹುಟ್ಟಿತು. ೨೦೨೩ರಲ್ಲಿ ಸಂಸತ್ತು ‘ಅನುಸಂಧಾನ’ ಎಂಬ ಹೆಸರಿನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾಯಿದೆಯನ್ನು ಅಂಗೀಕರಿಸಿತು; ಐದು ವರ್ಷಗಳಲ್ಲಿ ೫೦ ಸಾವಿರ ಕೋಟಿ ರೂಪಾಯಿ ಎಂಬುದು ಆಗ ಸಾರಿದ ಸಂಕಲ್ಪ. ಅದರಲ್ಲಿ ಬಹುಪಾಲು, ಅಂದರೆ ೩೬ ಸಾವಿರ ಕೋಟಿ, ಸರಕಾರದ ಬೊಕ್ಕಸದ ಹೊರಗಿನಿಂದ ಬರಬೇಕಾದದ್ದು. ೨೦೨೦-೨೧ರಲ್ಲಿ ದೇಶದ ಒಟ್ಟು ಉತ್ಪನ್ನದಲ್ಲಿ ಸಂಶೋಧನೆಯ ಪಾಲು ನೂರಕ್ಕೆ ೦.೬೪ ಮಾತ್ರವಿದ್ದಿತೆಂಬುದನ್ನು ನೆನೆದರೆ ಈ ಸಂಕಲ್ಪದ ಅಗತ್ಯ ತಿಳಿಯುತ್ತದೆ.

ಹಣ ಕಡಿಮೆಯೆಂಬುದು ನಿಜ. ಆದರೆ ಇರುವ ಹಣವೂ ತಗ್ಗಿಗೆ ಹರಿಯುವ ನೀರಿನಂತೆ ಹರಿಯುವುದಿಲ್ಲ. ಅದು ದಿಬ್ಬವನ್ನೇ ಏರುತ್ತದೆ. ಅರ್ಜಿ ಬರೆಯುವ ಅಭ್ಯಾಸ, ಪರಿಣತ ಇಂಗ್ಲೀಷು, ಹಿಂದಿನ ಪ್ರಕಟಣೆಗಳ ಪಟ್ಟಿ, ಸಂಸ್ಥೆಯದೇ ಆದ ನೈತಿಕ ಪರಿಶೀಲನಾ ಸಮಿತಿ, ಲೆಕ್ಕಪತ್ರ ಬರೆದು ಹಣ ಬಳಕೆಯ ಪ್ರಮಾಣಪತ್ರ ಕಳಿಸುವ ಗುಮಾಸ್ತೆ, ಇವೆಲ್ಲ ಇದ್ದಲ್ಲಿಗೇ ಅನುದಾನ ಹೋಗುತ್ತದೆ. ಬಲಿಷ್ಠ ಸಂಸ್ಥೆಯೊಂದನ್ನು ನಡುವಿಗಿಟ್ಟು ಅದರ ಸುತ್ತ ಇತರ ವಿಶ್ವವಿದ್ಯಾಲಯಗಳನ್ನು ಜೋಡಿಸುವ ಯೋಜನೆಯನ್ನು ಹೊಸ ಪ್ರತಿಷ್ಠಾನವು ಹಾಕಿಕೊಂಡಿದೆ. ಉದ್ದೇಶ ಶ್ಲಾಘ್ಯವೇ ಸರಿ. ಆದರೆ ಹಾಗೆ ಜೋಡಿಸಿಕೊಳ್ಳುವುದಕ್ಕೂ ರಾಷ್ಟ್ರೀಯ ಶ್ರೇಯಾಂಕದ ಮೆಟ್ಟಿಲನ್ನು ಮೊದಲೇ ಏರಿರಬೇಕು. ಇನ್ನು ಅಧ್ಯಾಪಕರ ಮಾತು. ೨೦೨೨ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ಸೇವೆಯಲ್ಲಿರುವ ಖಾಯಂ ಅಧ್ಯಾಪಕರಿಗೆ ತಲಾ ೧೦ ಲಕ್ಷ ರೂಪಾಯಿಯ ಸಹಾಯಧನವನ್ನು ಸಾರಿತು. ಆಯ್ಕೆ ಇಡೀ ದೇಶಕ್ಕೆ ೨೦೦ ಮಂದಿ. ನಮ್ಮ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳನ್ನು ಹೊತ್ತು ನಡೆಸುತ್ತಿರುವವರು ಸಾವಿರಾರು ಅತಿಥಿ ಉಪನ್ಯಾಸಕರು. ಖಾಯಂ ಅಲ್ಲದವರ ಕುತೂಹಲವೂ ಖಾಯಂ ಅಲ್ಲವೆಂದು ಭಾವಿಸಿದಂತಾಯಿತು!

ಹಾವೇರಿಯ ಸ್ಥಿತಿಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಜಿಲ್ಲೆಗೆ ೨೦೨೨ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಬಂದಿತು. ೨೦೨೩ರಲ್ಲಿ ಹಾವೇರಿ ವಿಶ್ವವಿದ್ಯಾಲಯ ಉದ್ಘಾಟಿತವಾಯಿತು. ಅದರೊಡನೆ ಹುಟ್ಟಿದ ಹೊಸ ವಿಶ್ವವಿದ್ಯಾಲಯಗಳಿಗೆ ಆರಂಭಕ್ಕೆಂದು ಗೊತ್ತುಮಾಡಿದ ಮೊತ್ತ ತಲಾ ೨ ಕೋಟಿ ರೂಪಾಯಿ. ಇತ್ತ ವೈದ್ಯಕೀಯ ಸಂಶೋಧನಾ ಮಂಡಳಿಯು ಒಂದೊಂದು ಯೋಜನೆಗೆ ಕೊಡುವ ‘ಚಿಕ್ಕ’ ಅನುದಾನದ ಮಿತಿಯೂ ೨ ಕೋಟಿಯೇ! ಒಂದೆಡೆ ಒಂದು ಚಿಕ್ಕ ಯೋಜನೆಯ ಗರಿಷ್ಠ ವೆಚ್ಚವಾದದ್ದು ಇನ್ನೊಂದೆಡೆ ಒಂದು ವಿಶ್ವವಿದ್ಯಾಲಯದ ಬಂಡವಾಳವಾಯಿತು. ಎರಡೇ ವರ್ಷಗಳಲ್ಲಿ, ೨೦೨೫ರ ಫೆಬ್ರವರಿಯಲ್ಲಿ, ಸಚಿವ ಸಂಪುಟದ ಉಪಸಮಿತಿಯು ಮುಚ್ಚಬಹುದಾದ ಒಂಬತ್ತು ವಿಶ್ವವಿದ್ಯಾಲಯಗಳಲ್ಲಿ ಹಾವೇರಿಯ ಹೆಸರನ್ನೂ ಎಣಿಸಿತು. ಹಣವಿಲ್ಲದೆ ಹುಟ್ಟಿದ ಕೂಸು ಬೆಳೆಯಲಿಲ್ಲವೆಂದು ದೂರುವುದು ನ್ಯಾಯವೆ? ವಿಶ್ವವಿದ್ಯಾಲಯಗಳ ಸಂಖ್ಯೆ ಮಿತಿಮೀರಿತೆಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಅನುದಾನ ಕೇಳಬಲ್ಲ ಸಂಸ್ಥೆ ಜಿಲ್ಲೆಯಲ್ಲಿ ಉಳಿಯದಿದ್ದರೆ, ಜಿಲ್ಲೆಯ ಪ್ರಶ್ನೆಗಳನ್ನು ಕೇಳುವವರೂ ಉಳಿಯುವುದಿಲ್ಲ.

ಪ್ರಶ್ನೆಗಳೇನು ಕಡಿಮೆಯೆ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೆಯ ಸುತ್ತಿನಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ೬೦.೯ರಷ್ಟು ರಕ್ತಹೀನರಿದ್ದರು, ಐದನೆಯ ಸುತ್ತಿನಲ್ಲಿ ಅದು ೬೫.೫ಕ್ಕೆ ಏರಿತು. ಕಬ್ಬಿಣಾಂಶದ ಗುಳಿಗೆ, ಅಂಗನವಾಡಿಯ ಆಹಾರ, ಬಿಸಿಯೂಟ ಇವೆಲ್ಲ ಇದ್ದೂ ಏರಿದ್ದೇಕೆ? ಗುಳಿಗೆ ಮನೆ ಮುಟ್ಟಿತೇ, ಮುಟ್ಟಿದ್ದನ್ನು ನುಂಗಿದರೇ, ನುಂಗಿದ್ದು ಮೈಗೆ ಹತ್ತಿತೇ? ಐದನೆಯ ಇಯತ್ತೆ ಮುಟ್ಟಿದ ಹುಡುಗನಿಗೆ ಎರಡನೆಯ ಇಯತ್ತೆಯ ಪಾಠ ಓದಲು ಬಾರದಿರುವುದಕ್ಕೂ ಅವನ ರಕ್ತದ ಬಡತನಕ್ಕೂ ನಂಟಿದೆಯೇ? ಇಂಥ ಪ್ರಶ್ನೆಗೆ ದಿಲ್ಲಿಯ ಪ್ರಯೋಗಶಾಲೆಗಿಂತ ಹತ್ತಿಮತ್ತೂರಿನ ಅಂಗನವಾಡಿಯ ಕಟ್ಟೆಯೇ ತಕ್ಕ ಸ್ಥಳ. ವೈದ್ಯಕೀಯ ವಿದ್ಯಾರ್ಥಿಗಳಿಗೆ ಎರಡು ತಿಂಗಳ ಸಂಶೋಧನೆಗಾಗಿ ವೇತನ ಕೊಡುವ ಯೋಜನೆಯನ್ನು ಮಂಡಳಿಯು ೧೯೭೯ರಲ್ಲಿಯೇ ತೊಡಗಿತು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೂ ತನ್ನ ಅಧೀನ ಕಾಲೇಜುಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಸಹಾಯಧನ ಕೊಡುತ್ತ ಬಂದಿದೆ. ಹಾವೇರಿಯ ತರುಣ ವೈದ್ಯರು ಮೊದಲು ತಟ್ಟಬೇಕಾದ ಬಾಗಿಲುಗಳಿವು.

ಹಣ ಬಂದರೆ ಸಾಲದು, ಅದು ನಿಲ್ಲಲೂ ಬೇಕು. ಇದಕ್ಕೆ ನಿದರ್ಶನ ದೂರವಿಲ್ಲ. ಹಾನಗಲ್ಲಿನ ದಕ್ಷಿಣಕ್ಕೆ ಹತ್ತಿಕೊಂಡಿರುವ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ೧೯೫೭ರಲ್ಲಿ ಮಂಗಗಳು ಸತ್ತುಬಿದ್ದವು. ಕಾಡಿಗೆ ಹೋದವರು ಜ್ವರದಿಂದ ನರಳಿದರು. ವೈದ್ಯಕೀಯ ಸಂಶೋಧನಾ ಮಂಡಳಿಯೂ ರಾಕ್‌ಫೆಲರ್ ಪ್ರತಿಷ್ಠಾನವೂ ಕೂಡಿ ೧೯೫೨ರಲ್ಲಿ ಸ್ಥಾಪಿಸಿದ್ದ ಪುಣೆಯ ವಿಷಾಣು ಸಂಶೋಧನ ಕೇಂದ್ರದ ವಿದ್ವಾಂಸರು ಬೇಗನೆ ರೋಗದ ಮೂಲವನ್ನೂ, ಅದನ್ನು ಹರಡುವ ಉಣ್ಣೆಯನ್ನೂ ಗುರುತಿಸಿದರು. ಕ್ಯಾಸನೂರಿನ ಹೆಸರು ಲೋಕದ ವೈದ್ಯಗ್ರಂಥಗಳಲ್ಲಿ ಸೇರಿತು. ಮುಂದೆ ಲಸಿಕೆಯೂ ಬಂದಿತು. ಆದರೆ ಆ ಲಸಿಕೆಯ ಶಕ್ತಿ ಕುಂದಿತೆಂದು ೨೦೨೨ರಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಅದಕ್ಕೆ ಬದಲಿ ಸಿದ್ಧವಿರಲಿಲ್ಲ. ಹೊಸ ಲಸಿಕೆಗಾಗಿ ಮಂಡಳಿಯು ಮತ್ತೆ ತೊಡಗಿದೆ. ಆರು ದಶಕಗಳ ಹಿಂದೆ ಕಂಡುಹಿಡಿದ ರೋಗಕ್ಕೆ ಇಂದಿಗೂ ಮಲೆನಾಡಿನ ಕೂಲಿಕಾರನು ಅಂಜಬೇಕಾಗಿರುವುದು ಬುದ್ಧಿಯ ಕೊರತೆಯಿಂದಲ್ಲ. ಆಸ್ಥೆಯೂ ಹಣವೂ ರೋಗ ಉಲ್ಬಣಿಸಿದಾಗ ಉಕ್ಕಿ, ಇಳಿದಾಗ ಬತ್ತುವುದರಿಂದ.

ಹಳ್ಳಿಹಳ್ಳಿಗೆ ಹಂಚಿದರೆ ಅನುದಾನ ಚಿಲ್ಲರೆಯಾದೀತು, ಅರ್ಹತೆಯ ಪರೀಕ್ಷೆ ಸಡಿಲವಾದೀತು ಎಂದು ಕೆಲವರು ಹೇಳುವರು. ಮಾತು ತಳ್ಳಿಹಾಕುವಂಥದಲ್ಲ. ಗುಣದ ಪರೀಕ್ಷೆ ಕಟ್ಟುನಿಟ್ಟಾಗಿಯೇ ಇರಲಿ. ಆದರೆ ಪರೀಕ್ಷೆ ಪ್ರಶ್ನೆಯದಾಗಲಿ, ಪ್ರಶ್ನಿಸುವವನ ವಿಳಾಸದ್ದಾಗುವುದು ಬೇಡ. ಅನುದಾನದ ಒಂದು ನಿಯತವಾದ ಪಾಲನ್ನು ಜಿಲ್ಲೆಯ ಕಾಲೇಜುಗಳಿಗೆಂದೇ ತೆಗೆದಿಡಬಹುದು. ನಾಲ್ಕಾರು ಲಕ್ಷದ ಕೆಲಸಕ್ಕೆ ಅರ್ಜಿಯನ್ನು ಕನ್ನಡದಲ್ಲಿಯೂ ಸ್ವೀಕರಿಸಬಹುದು. ಅತಿಥಿ ಉಪನ್ಯಾಸಕರಿಗೂ ಸಹಭಾಗಿಗಳಾಗಿ ಸ್ಥಾನ ಕೊಡಬಹುದು. ಲೆಕ್ಕಪತ್ರದ ಹೊರೆಯನ್ನು ನೆರೆಯ ಹಿರಿಯ ಸಂಸ್ಥೆ ಹೊರಬಹುದು.

ಇವೆಲ್ಲಕ್ಕಿಂತ ಮುಖ್ಯವಾದುದು ಮತ್ತೊಂದಿದೆ. ಊರಿಗೆ ಬಂದು ಮಕ್ಕಳನ್ನು ತೂಗಿ, ತಾಯಂದಿರ ಬೆರಳಿನಿಂದ ರಕ್ತದ ಹನಿ ತೆಗೆದುಕೊಂಡು ಹೋದವರು, ಅದರಿಂದ ಕಂಡುದೇನೆಂಬುದನ್ನು ಅದೇ ಊರಿಗೆ ಮರಳಿ ಬಂದು, ಗ್ರಾಮಸಭೆಯಲ್ಲಿ ನಿಂತು, ತಿಳಿಗನ್ನಡದಲ್ಲಿ ಹೇಳಬೇಕು. ಕೊನೆಯ ಕಂತಿನ ಹಣ ಬಿಡುಗಡೆಯಾಗುವುದಕ್ಕೆ ಅದೇ ಷರತ್ತಾಗಲಿ. ರಕ್ತ ಕೊಟ್ಟ ತಾಯಿಗೆ ಅದರ ಉತ್ತರ ಕೇಳುವ ಹಕ್ಕಿದೆ. ಅನುದಾನದ ಹಣದಲ್ಲಿ ಅವಳು ಕೊಂಡ ಬೆಂಕಿಪೆಟ್ಟಿಗೆಯ ತೆರಿಗೆಯೂ ಸೇರಿದೆ.