ಉಗ್ರಾಣದ ಮೂಲೆ ಕೈಗೆಟುಕಲಿ

ಗಡಿಕಲ್ಲು ಒಂದಡಿ ಸರಿದಿದೆಯೆಂದು ವರ್ಷಗಟ್ಟಲೆ ನ್ಯಾಯಾಲಯದ ಮೆಟ್ಟಿಲು ಹತ್ತುವ ನಮ್ಮ ಜನ, ಮನೆಯೊಳಗೆ ಕಳೆದುಕೊಂಡ ಸ್ಥಳದ ಲೆಕ್ಕವನ್ನು ಕೇಳುವುದು ಅಪರೂಪ. ಐದಡಿ ಉದ್ದ, ಐದಡಿ ಅಗಲದ ಉಗ್ರಾಣವೊಂದನ್ನು ತೆಗೆದುಕೊಳ್ಳಿ. ಒಂದಕ್ಕೊಂದು ತಾಗಿದ ಎರಡು ಗೋಡೆಗಳ ಉದ್ದಕ್ಕೂ 15 ಇಂಚು ಅಗಲದ ಕಡಪ ಕಲ್ಲಿನ ಹಲಗೆಗಳಿವೆ. ಎರಡು ಹಲಗೆಗಳು ಕೂಡುವಲ್ಲಿ 15 ಇಂಚಿನ ಒಂದು ಚೌಕ ಉಂಟಾಗುತ್ತದೆ. ಅದರ ವಿಸ್ತೀರ್ಣ 225 ಚದರ ಇಂಚು, ಎಂದರೆ ಒಂದೂವರೆ ಚದರಡಿಗಿಂತ ತುಸು ಹೆಚ್ಚು. ಕೆಳಗಿನಿಂದ ಮೇಲಕ್ಕೆ ಐದು ಹಲಗೆಗಳಿದ್ದರೆ ಒಟ್ಟು ಸುಮಾರು ಎಂಟು ಚದರಡಿ. ಕಲ್ಲಿಗೂ ಕೆಲಸಕ್ಕೂ ಹಣ ತೆತ್ತು ಕಟ್ಟಿಸಿದ ಈ ಎಂಟು ಚದರಡಿ ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ಹಳೆಯ ಭರಣಿಗಳಿಗೂ ಜಿರಳೆಗಳಿಗೂ ಸಲ್ಲುತ್ತಿದೆ.

ನಷ್ಟ ಸ್ಥಳದ್ದು ಮಾತ್ರವಾಗಿದ್ದರೆ ಈ ಅಂಕಣದಲ್ಲಿ ಅದನ್ನು ಎತ್ತುತ್ತಿರಲಿಲ್ಲ. ಆ ಮೂಲೆಯಲ್ಲಿ ಏನಿದೆಯೆಂಬುದು ಸಾಮಾನ್ಯವಾಗಿ ಮನೆಯ ಒಬ್ಬರಿಗೆ ಮಾತ್ರ ಗೊತ್ತಿರುತ್ತದೆ. ಅವರು ಅಮ್ಮನೋ ಅಜ್ಜಿಯೋ ಆಗಿರುತ್ತಾರೆ. ಮೇಲಿನ ಹಲಗೆಯ ಹಪ್ಪಳದ ಡಬ್ಬಕ್ಕಾಗಿ ಅಲುಗಾಡುವ ಸ್ಟೂಲಿನ ಮೇಲೆ, ಒಂದು ಕೈಯಲ್ಲಿ ಗೋಡೆ ಹಿಡಿದು, ಇನ್ನೊಂದು ಕೈಯನ್ನು ಕತ್ತಲೆಗೆ ಚಾಚುವವರೂ ಅವರೇ. ಅರುವತ್ತು ದಾಟಿದವರು ಹಾಗೆ ಒಮ್ಮೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಮನೆಯ ನಡೆಯೇ ಬದಲಾಗುತ್ತದೆ. ಆದುದರಿಂದ ಇದನ್ನು ಅಲಂಕಾರದ ವಿಷಯವೆಂದು ಬದಿಗಿಡಲಾಗದು.

ಮೂಲೆ ಏಕೆ ಕೈಗೆಟುಕುವುದಿಲ್ಲ? ಎಂಟನೆಯ, ಒಂಬತ್ತನೆಯ ತರಗತಿಯ ಮಕ್ಕಳನ್ನು ಅಳತೆಪಟ್ಟಿಯೊಡನೆ ಒಳಗೆ ಕರೆಯಿರಿ. ಚೌಕಕ್ಕೆ ನಾಲ್ಕು ಬದಿ. ಎರಡು ಬದಿಗಳಲ್ಲಿ ಗೋಡೆ, ಉಳಿದೆರಡು ಬದಿಗಳಲ್ಲಿ ಪಕ್ಕದ ಹಲಗೆಗಳ ಮೇಲೆ ತುಂಬಿಟ್ಟ ಡಬ್ಬಗಳು. ಕೈ ಹೋಗಲು ಉಳಿದ ದಾರಿ, ಹಲಗೆಗಳ ಮುಂಚೂಣಿಗಳು ಸಂಧಿಸುವ ಒಂದು ಬಿಂದು ಮಾತ್ರ. ಆ ಬಿಂದುವಿನಿಂದ ಗೋಡೆಯ ಮೂಲೆಗೆ ಇರುವ ದೂರವೇ ಚೌಕದ ಕರ್ಣ. ಪೈಥಾಗೊರಸನ ಪ್ರಮೇಯದಿಂದ ಅದು ಸುಮಾರು 21 ಇಂಚು. ತೋಳು ಅಷ್ಟು ಉದ್ದವಿದ್ದರೂ ಒಂದಡಿ ಎತ್ತರದ ಸಂದಿಯಲ್ಲಿ ಮುಂದಿನ ಡಬ್ಬಗಳ ಮೇಲಿನಿಂದ ಅದನ್ನು ತೂರಿಸುವುದು ಸುಲಭವಲ್ಲ. ಕಾರಣ ತಿಳಿದ ಮೇಲೆ ಪರಿಹಾರ ಕಷ್ಟವಲ್ಲ. ದಾರಿಯನ್ನು ಅಗಲಿಸಬೇಕು, ಇಲ್ಲವೇ ಒಳಗಿನ ವಸ್ತುವೇ ಹೊರಗೆ ಬರುವಂತೆ ಮಾಡಬೇಕು.

ಮೊದಲನೆಯ ಉಪಾಯಕ್ಕೆ ಕಾಸಿನ ಖರ್ಚಿಲ್ಲ. ಮೂಲೆಗೆ ತಾಗಿದ ಎರಡು ಹಲಗೆಗಳಲ್ಲಿ ಒಂದರ ಮೇಲೆ ಒಂದಡಿಯಷ್ಟು ಜಾಗವನ್ನು ಬರಿದಾಗಿ ಬಿಡಿ. ಆಗ ಚೌಕದ ಒಂದು ಬದಿ ಪೂರ್ತಿಯಾಗಿ ತೆರೆದುಕೊಳ್ಳುತ್ತದೆ. ಒಂದಡಿ ಬಿಟ್ಟುಕೊಟ್ಟು ಹದಿನೈದು ಇಂಚನ್ನು ಪಡೆಯುವ ಈ ರಾಜಿ ಲಾಭದ್ದೇ.

ಎರಡನೆಯದು ತಿರುಗುವ ತಟ್ಟೆ. 15 ಇಂಚಿನ ಚೌಕದಲ್ಲಿ 14 ಇಂಚು ವ್ಯಾಸದ ತಟ್ಟೆ ಆರಾಮವಾಗಿ ತಿರುಗುತ್ತದೆ. ಅದರ ವಿಸ್ತೀರ್ಣ ಸುಮಾರು 154 ಚದರ ಇಂಚು. ಚೌಕದ ಮೂರರಲ್ಲಿ ಎರಡು ಪಾಲಿಗಿಂತ ತುಸು ಹೆಚ್ಚು. ಉಳಿದ ಪಾಲು ಹೋಯಿತೆಂದು ಕೊರಗಬೇಕಾಗಿಲ್ಲ, ಮೊದಲು ಅಷ್ಟೂ ಹೋಗಿತ್ತಲ್ಲ! ತಟ್ಟೆಗೆ ಒಂದು ಇಂಚಿನ ಅಂಚು ಇರಲಿ. ಇಲ್ಲವಾದರೆ ಬಾಟಲಿಗಳು ಜಾರಿ ಹಿಂದೆ ಬಿದ್ದು ತಟ್ಟೆಯನ್ನೇ ತಡೆಯುತ್ತವೆ. ಜೀರಿಗೆ, ಮೆಂತೆ, ಓಮ, ಸಾಸಿವೆಯಂತಹ ಸಣ್ಣ ಡಬ್ಬಿಗಳಿಗೆ ಇದು ಹೇಳಿ ಮಾಡಿಸಿದ್ದು. ಮಿಡಿ ಉಪ್ಪಿನಕಾಯಿಯ ಭಾರದ ಭರಣಿಗೆ ಇದು ಸಲ್ಲದು.

ಮೂರನೆಯದು ಕರ್ಣದ ಉದ್ದಕ್ಕೆ ಇಡುವ ಕಿರಿದಾದ ಟ್ರೇ. 6 ಇಂಚು ಅಗಲದ ಟ್ರೇಯನ್ನು ಕರ್ಣದ ನೇರಕ್ಕೆ ಹಿಂದೆ ತಳ್ಳಿದರೆ ಅದರ ಹಿಂಬದಿ ಗೋಡೆಯ ಮೂಲೆಯಿಂದ 3 ಇಂಚು ಇತ್ತ ನಿಲ್ಲುತ್ತದೆ. ಹೀಗಾಗಿ 18 ಇಂಚು ಉದ್ದದ ಟ್ರೇ ಸರಿಯಾಗಿ 21ನೆಯ ಇಂಚಿಗೆ, ಎಂದರೆ ಕೈ ತಾಗುವ ಬಿಂದುವಿಗೆ ಬಂದು ಮುಟ್ಟುತ್ತದೆ. ಮುಂಬದಿಗೆ ಒಂದು ಹಗ್ಗದ ಹಿಡಿ ಕಟ್ಟಿ, ಎರಡೂ ಪಕ್ಕದ ಹಲಗೆಗಳಲ್ಲಿ ಮೂಲೆಯ ಚೌಕದಿಂದ ಐದೈದು ಇಂಚು ಖಾಲಿ ಬಿಟ್ಟರೆ ಎಳೆದಾಗ ಯಾವುದಕ್ಕೂ ತಾಗದು. ಹಿಂಬದಿಯ 3 ಇಂಚಿನ ಲೆಕ್ಕ ಹೇಗೆ ಬಂತೆಂಬುದನ್ನು ಮಕ್ಕಳೇ ಚಿತ್ರ ಬರೆದು ಸಾಧಿಸಲಿ.

ಇನ್ನು ಎತ್ತರದ ವಿಚಾರ. ನಿತ್ಯದ ಸಾಮಾನು ಸೊಂಟದಿಂದ ಭುಜದವರೆಗಿನ ಹಲಗೆಗಳಲ್ಲಿರಬೇಕು. ತಲೆಗಿಂತ ಮೇಲೆ ಹಗುರವಾದುದೂ ವರ್ಷಕ್ಕೆ ಒಂದೆರಡು ಸಲ ಬೇಕಾಗುವುದೂ ಮಾತ್ರ ಇರಲಿ. ಹೊಸದಾಗಿ ಕಟ್ಟಿಸುವವರು ಮೇಲಿನ ಹಲಗೆಯ ಅಗಲವನ್ನು 9 ಇಂಚಿಗೆ ಇಳಿಸಿದರೆ ವಸ್ತುಗಳು ಹಿಂದೆ ಅಡಗುವ ಪ್ರಸಂಗವೇ ಬಾರದು. ಕುಚ್ಚಲಕ್ಕಿಯ ಡ್ರಮ್ಮು ಕೆಳಗಿನ ಮೂಲೆಯಲ್ಲಿದ್ದರೆ ಅದಕ್ಕೆ ಚಕ್ರವಿರುವ ಮಣೆಯೊಂದನ್ನು ಮಾಡಿಸಿ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರು ನಮ್ಮದು. ಕೆಂಪುಕಲ್ಲಿನ ಗೋಡೆಯೂ ನೆಲವೂ ತೇವವನ್ನು ಎಳೆಯುತ್ತವೆ. ಧಾನ್ಯ ನೆಲಕ್ಕೂ ಗೋಡೆಗೂ ತಾಗದಿರುವುದು ಒಳ್ಳೆಯದು. ಒಳಗೆ ಬಿಳಿ ಬಣ್ಣ ಬಳಿದು, ಬಾಗಿಲ ಮೇಲ್ಗಡೆ ಒಂದು ಎಲ್‌ಇಡಿ ಬಲ್ಬು ಹಾಕಿದರೆ ಮೂಲೆಯ ಅರ್ಧ ಭಯ ನೀಗುತ್ತದೆ.

ಬಾಡಿಗೆ ಮನೆಯಲ್ಲಿರುವವರು ಗೋಡೆ ಕೊರೆಯುವ ಮೊದಲು ಮಾಲಿಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯುವುದು ಕ್ಷೇಮ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 108ನೆಯ ಪ್ರಕರಣದಂತೆ, ಕರಾರಿನಲ್ಲಿ ಬೇರೆ ಷರತ್ತಿಲ್ಲದಿದ್ದರೆ, ಬಾಡಿಗೆದಾರರು ತಾವು ಜೋಡಿಸಿದ ವಸ್ತುಗಳನ್ನು ಸ್ವಾಧೀನವಿರುವಾಗಲೇ ತೆಗೆದೊಯ್ಯಬಹುದು. ಆದರೆ ಮನೆಯನ್ನು ಪಡೆದ ಸ್ಥಿತಿಯಲ್ಲಿಯೇ ಬಿಟ್ಟುಕೊಡಬೇಕು. ಮೇಲೆ ಹೇಳಿದ ತಟ್ಟೆಗೂ ಟ್ರೇಗೂ ಚಕ್ರದ ಮಣೆಗೂ ಒಂದು ಮೊಳೆಯೂ ಬೇಕಾಗಿಲ್ಲ.

ಕಾನೂನಿನ ಇನ್ನೊಂದು ಮಾತು. ಪೊಟ್ಟಣದ ಆಹಾರದ ಮೇಲೆ ತಯಾರಾದ ದಿನವೂ ಬಳಕೆಯ ಕೊನೆಯ ದಿನವೂ ಇರಬೇಕೆಂದು 2020ರ ಆಹಾರ ಲೇಬಲ್ ವಿನಿಯಮಗಳು ವಿಧಿಸುತ್ತವೆ. ನಾವಾದರೋ ಹಿಟ್ಟನ್ನು ಡಬ್ಬಕ್ಕೆ ಸುರಿದು ಪೊಟ್ಟಣವನ್ನು ಬಚ್ಚಲ ಒಲೆಗೆ ಹಾಕುತ್ತೇವೆ. ದಿನಾಂಕವಿರುವ ತುಂಡನ್ನು ಕತ್ತರಿಸಿ ಡಬ್ಬದ ಹೊರಗೆ ಅಂಟಿಸಿರಿ. ಬಿಲ್ಲನ್ನು ಒಂದೆಡೆ ಕಾಪಿಡಿರಿ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಡಿ ದೂರು ಕೊಡಲು ಎರಡು ವರ್ಷಗಳ ಅವಧಿಯಿದೆಯಾದರೂ ಪುರಾವೆಯಿಲ್ಲದ ದೂರು ನಿಲ್ಲುವುದು ಕಷ್ಟ. ಹೊಸದನ್ನು ಹಿಂದಿಟ್ಟು ಹಳೆಯದನ್ನು ಮುಂದೆ ತರುವ ರೂಢಿಯೂ ಇದರೊಡನೆ ಬೆಳೆಯಲಿ.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಅಡಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ನಮ್ಮ ಮನೆಗಳಲ್ಲಿ ಮಳೆಗಾಲದ ಮೊದಲು ಮೈಲುತುತ್ತು ಮತ್ತು ಸುಣ್ಣ ಬಂದು ಬೀಳುತ್ತವೆ. ಮಿಕ್ಕಿದ್ದು ಉಗ್ರಾಣದ ಮೂಲೆ ಸೇರುವುದುಂಟು. ಮೈಲುತುತ್ತಿನ ನೀಲಿ ಹರಳು ನೋಡಲು ಕಲ್ಲುಸಕ್ಕರೆಯಂತೆ. ಮಕ್ಕಳ ಹೊಟ್ಟೆಗೆ ಅದು ವಿಷ. ಅದನ್ನೂ ಇಲಿಪಾಷಾಣವನ್ನೂ ಫಿನಾಯಿಲನ್ನೂ ಆಹಾರವಿರುವ ಕೋಣೆಯಿಂದ ಹೊರಗೆ, ಬೀಗವಿರುವ ಪೆಟ್ಟಿಗೆಯಲ್ಲಿಡಿ. ಮೂಲೆಯನ್ನು ಮಕ್ಕಳ ಕೈಗೂ ಎಟುಕುವಂತೆ ಮಾಡುವ ಮೊದಲು ಆಗಬೇಕಾದ ಕೆಲಸವಿದು.

ಕೊನೆಯದಾಗಿ, ಪ್ರತಿ ಡಬ್ಬಕ್ಕೂ ಹೆಸರಿನ ಚೀಟಿ ಬೇಕು. ಆ ಕೆಲಸವನ್ನು ಮಕ್ಕಳಿಗೆ ವಹಿಸಿ. ಅಂಗಡಿಯ ಪೊಟ್ಟಣಗಳ ಮೇಲೆ ಬೇರೆ ಭಾಷೆಗಳ ಹೆಸರುಗಳಿರುವ ನಮ್ಮೂರಲ್ಲಿ ಕೊತ್ತಂಬರಿ, ಉಪ್ಪುಸೊಳೆ, ಪುನರ್ಪುಳಿ ಎಂದು ದುಂಡಗೆ ಕನ್ನಡದಲ್ಲಿ ಬರೆಯುವ ಅವಕಾಶ ಅವರಿಗೆ ಸಿಗಲಿ. ಯಾವ ಹಲಗೆಯಲ್ಲಿ ಏನಿದೆಯೆಂಬ ಪಟ್ಟಿಯೊಂದು ಬಾಗಿಲ ಒಳಮೈಗೆ ಅಂಟಿರಲಿ. ಅಜ್ಜಿಗೆ ಜ್ವರ ಬಂದು ಮಲಗಿದ ದಿನ, ಹೆಸರುಬೇಳೆ ಎಲ್ಲಿದೆಯೆಂದು ಕೇಳಲು ಯಾರೂ ಅವರನ್ನು ಎಬ್ಬಿಸಬೇಕಾಗಿ ಬಾರದು.