ಮಣ್ಣು ಅಂದ್ರೆ ಯಾಕೆ ನಾಚಿಕೆ?

ಊರು ಪಿರಿಯಾಪಟ್ಟಣ, ಕೆಲಸ ವೈಟ್‌ಫೀಲ್ಡಲ್ಲಿ. ಮೂರನೇ ಮಹಡಿಯ ಬಾಲ್ಕನಿ ತುಂಬ ಪಾಟುಗಳು, ಒಂದರಲ್ಲೂ ಹಿಡಿ ಮಣ್ಣಿಲ್ಲ. 'ಸಾಯಿಲ್‌ಲೆಸ್ ಮಿಕ್ಸ್' ಅಂತೆ. ಆ್ಯಪಿನಲ್ಲಿ ತರಿಸಿದ ಕೋಕೋಪೀಟ್ ಇಟ್ಟಿಗೆ, ಮೇಲೊಂದಿಷ್ಟು ಎರೆಗೊಬ್ಬರ. ಟೊಮೆಟೊ ಗಿಡ ಮೊದಲ ತಿಂಗಳು ಮಿರಮಿರ ಮಿಂಚುತ್ತೆ, ಎರಡನೇ ತಿಂಗಳು ಹಳದಿ ತಿರುಗುತ್ತೆ, ಮೂರನೇ ತಿಂಗಳಿಗೆ ಮತ್ತೊಂದು ಇಟ್ಟಿಗೆ ಆರ್ಡರ್ ಆಗುತ್ತೆ. ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ರೈತರ ಮಕ್ಕಳೇ ಹೀಗೆ ಮಾಡೋದು ನೋಡಿದ್ರೆ ನನಗೆ ತಡೆಯೋಕಾಗಲ್ಲ.

ಮಣ್ಣು ಗಲೀಜು, ಮಣ್ಣು ಗಟ್ಟಿಯಾಗುತ್ತೆ, ಮಣ್ಣು ಭಾರ ಅಂತಾರೆ. ಭಾರ ಅನ್ನೋದು ನಿಜ. 20 ಲೀಟರಿನ ಕುಂಡಕ್ಕೆ ಬರೀ ಮಣ್ಣು ತುಂಬಿ ನೀರು ಹಾಕಿದರೆ 30 ಕಿಲೋ ದಾಟುತ್ತೆ. ಬಾಲ್ಕನಿಯಲ್ಲಿ ಅಂಥವನ್ನು ಸಾಲಾಗಿ ಇಡೋ ಮುಂಚೆ ಯೋಚಿಸಲೇಬೇಕು. ಆದರೆ ಮಣ್ಣು ಕಡಿಮೆ ಮಾಡೋದು ಬೇರೆ, ಮಣ್ಣನ್ನೇ ಮನೆಯಿಂದ ಓಡಿಸೋದು ಬೇರೆ.

ಕೋಕೋಪೀಟು ನಮ್ಮ ಸೀಮೆಗೆ ಹೊಸದೂ ಅಲ್ಲ. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಬೆಳೆಗಾರರು ಪ್ಲಾಸ್ಟಿಕ್ ಟ್ರೇಗಳಿಗೆ ಕೊಳೆಸಿದ ತೆಂಗಿನ ನಾರಿನ ಪುಡಿ ತುಂಬಿ ಸಸಿ ಬೆಳೆಸ್ತಾರೆ. ಗ್ರಾಮಿಗೆ ಹತ್ತು ಸಾವಿರ ಬರುವಷ್ಟು ಸಣ್ಣ ಬೀಜ ಅದು. ಅದರ ಎಳೇ ಬೇರಿಗೆ ಹಗುರಾದ, ತೇವ ಹಿಡಿಯೋ ಜಾಗ ಬೇಕು. ಎಷ್ಟು ದಿನ? ಕೆಲವೇ ವಾರ. ಮುಂಗಾರಿನ ಹದ ಸಿಕ್ಕ ಕೂಡಲೇ ಸಸಿ ಕೆಮ್ಮಣ್ಣಿನ ಹೊಲಕ್ಕೆ. ಅಪ್ಪ ತೊಟ್ಟಿಲು ಅಂತ ಬಳಸಿದ್ದನ್ನು ಮಗ ಮನೆ ಅಂದ್ಕೊಂಡಿದ್ದಾನೆ.

ಅಪ್ಪನಿಗೆ ಇನ್ನೊಂದೂ ಗೊತ್ತು. ಕ್ಲೋರೈಡ್ ಜಾಸ್ತಿಯಾದರೆ ಹೊಗೆಸೊಪ್ಪು ಸರಿಯಾಗಿ ಉರಿಯಲ್ಲ. ಅದಕ್ಕೇ ಅವರು ಅಗ್ಗದ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಬಿಟ್ಟು ದುಬಾರಿ ಸಲ್ಫೇಟ್ ಆಫ್ ಪೊಟ್ಯಾಷ್ ಹಾಕ್ತಾರೆ. ತೆಂಗಿನ ನಾರಿನ ಪುಡಿಯಲ್ಲೂ ಉಪ್ಪಿನಂಶ ಇರುತ್ತೆ. ಇಟ್ಟಿಗೆ ನೆನೆಸಿ, ಎರಡು ಮೂರು ಸಲ ಹಿಂಡಿ ತೊಳೆದು ಬಳಸೋರು ಎಷ್ಟು ಜನ ಇದ್ದೀರಿ, ಕೈ ಎತ್ತಿ ನೋಡೋಣ.

ಸರಿ, ಏನು ಹಾಕಬೇಕು? ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ತೊಳೆದ ಕೋಕೋಪೀಟ್. ಭಾರದ ಭಯ ಇದ್ದರೆ ಮಣ್ಣನ್ನು ಒಂದು ಪಾಲಿಗೆ ಇಳಿಸಿ, ಸೊನ್ನೆಗಲ್ಲ. ಕೆ.ಆರ್. ನಗರದ ನಾಲೆ ಬಯಲಿನ ಗದ್ದೆ ಮಣ್ಣಾದರೆ ಮರಳೂ ಬೆರೆಸಿ, ಇಲ್ಲಾಂದ್ರೆ ಕುಂಡದೊಳಗೇ ಇಟ್ಟಿಗೆ ಆಗುತ್ತೆ.

ಪಾಟಿನ ತಳಕ್ಕೆ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತೆ ಅನ್ನೋ ವೇದವಾಕ್ಯ ಒಂದಿದೆ. ಸುಳ್ಳು. ನೀರು ಜಲ್ಲಿಯ ಮೇಲೆ, ಅಂದರೆ ಬೇರಿಗೆ ಇನ್ನೂ ಹತ್ತಿರ ನಿಲ್ಲುತ್ತೆ. ಬೇಕಿರೋದು ತೂತು. ಸೊಪ್ಪಿಗೆ ಆರು ಇಂಚು ಆಳ ಸಾಕು, ಟೊಮೆಟೊ ಬದನೆಗೆ ಒಂದಡಿ ಬೇಕು. ಮಣ್ಣಿನ ಕುಂಡ ಉಸಿರಾಡುತ್ತೆ, ಮಾರ್ಚಲ್ಲಿ ದಿನಕ್ಕೆ ಎರಡು ಸಲ ನೀರೂ ಕೇಳುತ್ತೆ. ವೀಕೆಂಡಿಗೆ ಊರು ಸುತ್ತೋರು ಪ್ಲಾಸ್ಟಿಕ್ಕೇ ಇಟ್ಕೊಳ್ಳಿ. ಯೂರಿಯಾ ಚೀಲದಲ್ಲಿ ಗಿಡ ಹಾಕೋ ಉಳಿತಾಯ ಬೇಡ. ಬಿಸಿಲಿಗೆ ಚೀಲ ಎಳೆಎಳೆಯಾಗಿ ಉದುರಿ ಆ ಪ್ಲಾಸ್ಟಿಕ್ಕೆಲ್ಲ ನಿಮ್ಮ ಸೊಪ್ಪಿನ ಬುಡಕ್ಕೇ ಸೇರುತ್ತೆ.

ಮಣ್ಣು ಎಲ್ಲಿಂದ? ಲಾರಿಯವನ ಹತ್ತಿರ ಬೇಡ, ಅವನು ತರೋದು ಯಾವುದೋ ಹೊಲದ ಮೇಲ್ಮಣ್ಣು ಕೆರೆದು. ಹಬ್ಬಕ್ಕೆ ಊರಿಗೆ ಹೋದಾಗ ಅಮ್ಮ ಕಟ್ಟಿಕೊಡೋ ಅಕ್ಕಿ, ಕಾಯಿ ಜೊತೆ ಡಿಕ್ಕಿಯಲ್ಲಿ ಎರಡು ಚೀಲ ಮಣ್ಣಿಗೂ ಜಾಗ ಇರುತ್ತೆ. ಹೊಗೆಸೊಪ್ಪಿನ ಹೊಲದ್ದು ಮಾತ್ರ ಬೇಡ. ಬೇರಿಗೆ ಗಂಟು ಕಟ್ಟೋ ಜಂತುಹುಳ ಅಲ್ಲಿರುತ್ತೆ, ಹೊಗೆಸೊಪ್ಪಿನ ಕುಲದವೇ ಆದ ಟೊಮೆಟೊ, ಬದನೆಯನ್ನೂ ಅದು ಬಿಡಲ್ಲ. ಯಾವ ಮಗ್ಗುಲಲ್ಲಿ ಹೊಗೆಸೊಪ್ಪು ಹಾಕಿಲ್ಲ ಅಂತ ಅಪ್ಪನ್ನ ಕೇಳಿ, ತೋರಿಸ್ತಾರೆ.