ಪುಸ್ತಕ ಯಾವ ಭಾಷೆಯದ್ದೇ ಇರಲಿ, ವಿವರಣೆ ಮಗುವಿನ ಮಾತಿನಲ್ಲಿರಲಿ
ಮಂಗಳೂರಿನ ಕೊಟ್ಟಾರದ ಒಂದನೇ ತರಗತಿಯೊಂದರಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ ಮಾತಾಡುವ ಮಕ್ಕಳು ಒಂದೇ ಬೆಂಚಿನಲ್ಲಿ ಕೂತಿರಬಹುದು. ಹಾಗಾಗಿ ಮಾತೃಭಾಷಾ ಶಿಕ್ಷಣವನ್ನು ಬರೀ ಕನ್ನಡ–ಇಂಗ್ಲಿಷ್ ಜಗಳವಾಗಿ ನೋಡಿದರೆ ಇಲ್ಲಿನ ಮಕ್ಕಳ ಕಷ್ಟ ಕಣ್ಣಿಗೇ ಬೀಳುವುದಿಲ್ಲ.

ಭಿನ್ನರಾಶಿಯನ್ನೇ ನೋಡಿ. ಮಲ್ಲಿಗೆ ಕಟ್ಟುವ ಮನೆಯ ಮಗುವಿಗೆ ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ ಎಂಬುದು ಗೊತ್ತು. ಅಟ್ಟೆಗೆ 800 ರೂಪಾಯಿಯಾದರೆ ಮೂರು ಚೆಂಡಿಗೆಷ್ಟು ಎಂದು ತುಳುವಿನಲ್ಲಿ ಕೇಳಿದರೆ ಅದು 600 ಎಂದೀತು. 800ರ ಮುಕ್ಕಾಲು ಭಾಗ ಎಷ್ಟೆಂದು ಇಂಗ್ಲಿಷಿನಲ್ಲಿ ಕೇಳಿದರೆ ಪ್ರಶ್ನೆ ಬಿಡಿಸಿಕೊಳ್ಳುವುದರಲ್ಲೇ ಸೋತುಹೋಗುತ್ತದೆ. ಎಡವಿದ್ದು ಭಾಷೆಯಲ್ಲಿ, ಅಂಕಪಟ್ಟಿ ಮಾತ್ರ ‘ಗಣಿತದಲ್ಲಿ ಹಿಂದೆ’ ಎನ್ನುತ್ತದೆ.

ವಿಜ್ಞಾನದಲ್ಲಿ ನಷ್ಟ ಇನ್ನೂ ದೊಡ್ಡದು, ಏಕೆಂದರೆ ವಿಜ್ಞಾನ ಶುರುವಾಗುವುದೇ ಮಗುವಿನ ಪ್ರಶ್ನೆಯಿಂದ. ಜೋರು ಮಳೆಗೆ ಕೊಟ್ಟಾರ ಚೌಕಿಯಲ್ಲಿ ನೀರು ನಿಲ್ಲುವುದು ಯಾಕೆ? ಇಳಿಜಾರು, ಕಾಂಕ್ರೀಟ್ ಮುಚ್ಚಿದ ನೆಲ, ರಾಜಕಾಲುವೆಯ ಅಗಲ ಎಲ್ಲವೂ ಇದರಲ್ಲಿ ಬಂತು. ಕೇಳಲು ಮಾತೇ ಬಾರದ ಮಗು ಉತ್ತರವನ್ನು ಬಾಯಿಪಾಠ ಮಾಡುತ್ತದೆ, ಅಷ್ಟೆ.

ನಮ್ಮ ಭಾಷೆಗಳಿಗೆ ವಿಜ್ಞಾನ ಹೇಳುವ ಶಕ್ತಿಯಿಲ್ಲ ಎಂಬ ವಾದವನ್ನು ದಕ್ಷಿಣ ಕನ್ನಡ ಜಿಲ್ಲೆಯವರು ಒಪ್ಪಬಾರದು. ಇದೇ ಜಿಲ್ಲೆಯ ಪುತ್ತೂರಿನಲ್ಲಿ ನೆಲೆಸಿದ್ದ ಸಾಹಿತಿ ಶಿವರಾಮ ಕಾರಂತರು 1930ರ ದಶಕದಲ್ಲೇ ಮಕ್ಕಳಿಗಾಗಿ ‘ಬಾಲ ಪ್ರಪಂಚ’ ಎಂಬ ವಿಶ್ವಕೋಶವನ್ನು ಕನ್ನಡದಲ್ಲಿ ಬರೆದರು.

ಕಾನೂನಿನ ದಾರಿ ಮಾತ್ರ ಕಿರಿದು. ನಾಲ್ಕನೇ ತರಗತಿವರೆಗೆ ಮಾತೃಭಾಷೆ ಇಲ್ಲವೇ ಕನ್ನಡವೇ ಮಾಧ್ಯಮ ಎಂಬ 1994ರ ರಾಜ್ಯ ಸರ್ಕಾರದ ಆದೇಶ ನಿಲ್ಲಲಿಲ್ಲ. ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯೂ ‘ಸಾಧ್ಯವಾದಷ್ಟು ಮಟ್ಟಿಗೆ’ ಎಂಬ ಷರತ್ತಿನೊಂದಿಗೇ ಮಾತೃಭಾಷೆಯನ್ನು ಒಪ್ಪುತ್ತದೆ. ತುಳು ಶಾಲೆಯೊಳಗೆ ಬಂದಿದ್ದರೂ ಆರನೇ ತರಗತಿಯಿಂದ ಮೇಲೆ, ಐಚ್ಛಿಕ ತೃತೀಯ ಭಾಷೆಯಾಗಿ. ಅಷ್ಟರಲ್ಲಿ ಕೂಡು–ಕಳೆ, ಭಿನ್ನರಾಶಿಗಳ ಬುನಾದಿ ಬಿದ್ದಾಗಿರುತ್ತದೆ, ಗಟ್ಟಿಯಾಗಿಯೋ ಟೊಳ್ಳಾಗಿಯೋ.

ಆದರೆ ಪುಸ್ತಕದ ಮಾಧ್ಯಮ ಬೇರೆ, ಟೀಚರ್ ವಿವರಿಸುವ ಭಾಷೆ ಬೇರೆ. ಪುಸ್ತಕ ಕನ್ನಡದ್ದೋ ಇಂಗ್ಲಿಷಿನದೋ ಇರಲಿ. ವಿಷಯವನ್ನು ಮೊದಲು ಮಗುವಿನ ಮಾತಿನಲ್ಲಿ ತಿಳಿಸಿ, ಬಳಿಕ ಪುಸ್ತಕದ ಪದಗಳನ್ನು ಕೊಟ್ಟರೆ ಎರಡೂ ಉಳಿಯುತ್ತವೆ. ತರಗತಿಯ ಎಲ್ಲ ಭಾಷೆಗಳೂ ಟೀಚರಿಗೆ ಬರಬೇಕಿಲ್ಲ. ಅರ್ಥವಾದ ಮಗು ಪಕ್ಕದ ಮಗುವಿಗೆ ತಮ್ಮ ಮಾತಿನಲ್ಲೇ ಹೇಳಿಕೊಡಲಿ. ಇದಕ್ಕೆ ಹೊಸ ಕಾನೂನು ಬೇಡ, ತರಗತಿಯಲ್ಲಿ ಮನೆಮಾತಾಡಿದ ಮಗುವನ್ನು ಗದರುವ ರೂಢಿ ಬಿಟ್ಟರೆ ಸಾಕು. ಪೋಷಕರೇ, ಮುಂದಿನ ಸಭೆಯಲ್ಲಿ ಅಂಕ ವಿಚಾರಿಸುವ ಮೊದಲು ಮಗುವಿಗೆ ಲೆಕ್ಕವನ್ನು ಯಾವ ಭಾಷೆಯಲ್ಲಿ ವಿವರಿಸುತ್ತಿದ್ದಾರೆ ಎಂದು ಕೇಳಿ.